ಬೆರಳು ತೋರಿಸದ ಕಾಡು

ಲುವುನೋ ಅಜ್ಜಿಯ ಬಲಗೈ ತೋರುಬೆರಳಲ್ಲಿ ವಿಶೇಷವೇನೂ ಇಲ್ಲ. ಐವತ್ತು ವರ್ಷ ತೆಂಗಿನ ಮಡಲು ಹೆಣೆದು ಗೆಣ್ಣು ಗಂಟುಗಟ್ಟಿದೆ, ಉಗುರಿನ ಸಂದಿಯಲ್ಲಿ ಗರಿಯ ಕಂದು ಬಣ್ಣ ಸೇರಿಕೊಂಡಿದೆ, ಅಷ್ಟೇ. ಆದರೂ ಅವಳ ಹೆಸರೆತ್ತಿದರೆ ಸಾಕು, ನಮ್ಮ ಊರಿನವರು ಮೊದಲು ಆ ಬೆರಳಿನ ಸುದ್ದಿ ತೆಗೆಯುತ್ತಾರೆ, ಅವಳ ಸುದ್ದಿ ಆಮೇಲೆ. ಏಳು ಹೆತ್ತು ನಾಲ್ಕನ್ನು ಉಳಿಸಿಕೊಂಡ ಹೆಂಗಸು. ಅವಳು ಹೆಣೆದ ಮಡಲಿಲ್ಲದ ಸೂರು ಈ ಸುತ್ತಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದೆಲ್ಲ ಯಾರಿಗೂ ಬೇಡ. ಬೆರಳು ಬೇಕು! ಊರಿನ ಬಾಯಿಗೆ ಬೀಗ ಹಾಕಲಾದೀತೇ?

ಹಳ್ಳದಾಚೆಯ ಗುಡ್ಡದ ಮೇಲೆ ಕಾಯಾ ಎಂಬ ದೇವರ ಕಾಡು ಇದೆ. ನಮ್ಮ ಹಿರಿಯರು ಹಿಂದೆ ಉತ್ತರದಿಂದ ಜೀವ ಕೈಯಲ್ಲಿ ಹಿಡಿದು ಓಡಿ ಬಂದಾಗ ಆ ಕಾಡಿನ ನಡುವೆ ಬೇಲಿ ಹಾಕಿಕೊಂಡು ಬದುಕಿದರು. ಈಗ ಅಲ್ಲಿ ಮನೆಗಳಿಲ್ಲ, ಅವರ ಗೋರಿಗಳಿವೆ, ಮರಗಳಿವೆ. ಸುತ್ತ ಎಲ್ಲೇ ನೋಡಿ, ಇದ್ದಿಲು ಸುಟ್ಟವರು, ಜೋಳ ಬಿತ್ತಿದವರು, ಮೇಕೆ ಮೇಯಿಸಿದವರು ಸೇರಿ ನೆಲವನ್ನು ಬೋಳು ಮಾಡಿಟ್ಟಿದ್ದಾರೆ. ನಾನೇನು ಬೇರೆಯವರನ್ನು ಬೈಯುತ್ತಿಲ್ಲ, ನಾವೇ ಮಾಡಿದ್ದು. ಕಾಯಾ ಮಾತ್ರ ಹಾಗೇ ನಿಂತಿದೆ. ಕೋವಿ ಹಿಡಿದು ಕಾಯುವವರು ಯಾರೂ ಇಲ್ಲ. ಇರುವುದು ಕಟ್ಟಳೆ ಒಂದೇ. ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಕಪ್ಪು ಬಟ್ಟೆ ಸುತ್ತಿಕೊಳ್ಳದೆ ಹೋಗುವಂತಿಲ್ಲ. ಮರ ಹತ್ತುವಂತಿಲ್ಲ, ಕಬ್ಬಿಣ ತಾಗಿಸುವಂತಿಲ್ಲ. ಉದುರಿದ ಒಣ ಪುಳ್ಳೆಯನ್ನೂ ಹೊರಗೆ ತರುವಂತಿಲ್ಲ. ಅಷ್ಟೇಕೆ, ವಾಪಸು ಬರುವಾಗ ಅಂಚಿನಲ್ಲಿ ನಿಂತು, ಅಂಗಾಲಿಗೆ ಮೆತ್ತಿದ ಮಣ್ಣನ್ನು ಸೊಪ್ಪಿನಿಂದ ಒರೆಸಿ ಅಲ್ಲೇ ಉದುರಿಸಿ ಬರಬೇಕು. ಕಾಯಾದ್ದು ಕಾಯಾದಲ್ಲೇ ಇರಬೇಕು.

ಇನ್ನೊಂದು ಕಟ್ಟಳೆಯಿದೆ. ಕಾಯಾ ಕಡೆಗೆ ಬೆರಳು ತೋರಿಸಬಾರದು. ತೋರಿಸಲೇಬೇಕಾಗಿ ಬಂದರೆ ಮುಷ್ಟಿ ಮಡಿಸಿ ಗೆಣ್ಣು ಮುಂದೆ ಮಾಡಬೇಕು. ಕೋಲಿನಲ್ಲಿ ತೋರಿಸಿದರೂ ಅದು ಬೆರಳೇ. ಪರಊರಿನವನು ಯಾರಾದರೂ ತಿಳಿಯದೆ ಬೆರಳು ಮಾಡಿದನೋ, ನಾವು ಆ ಬೆರಳಿನ ಜಾಡು ಹಿಡಿದು ನೋಡಬಾರದು. ಕಣ್ಣು ನೆಲಕ್ಕೆ ಇಳಿಸಿ, ಮೊದಲು ಅವನ ಕೈ ಇಳಿಸಬೇಕು. ಸತ್ತವರು ಮಲಗಿರುವ ಕಡೆ ಬೆರಳು ಮಾಡುವುದೆಂದರೆ ಹಿರಿಯರ ಮುಖಕ್ಕೆ ಬೆರಳು ಮಾಡಿದ ಹಾಗೆ.

ಲುವುನೋ ಸಮುದ್ರದ ಕಡೆಯ ಹುಡುಗಿ. ಮದುವೆಯಾಗಿ ಬಂದ ಮೂರನೇ ದಿನ ಅಂಗಳದಲ್ಲಿ ನಿಂತು, "ಅದೇನದು, ಅಷ್ಟು ಕಪ್ಪಗೆ?" ಎಂದು ಕೈ ಚಾಚಿ ಕೇಳಿದಳು. ಒಳಗಿದ್ದ ಅತ್ತೆ ಹಾವು ಕಂಡವರಂತೆ ಕಿರುಚಿದರು. ಗಂಡ ಚಾರೋ ಓಡಿ ಬಂದ. ಇವಳಿಗೆ ಬಿತ್ತು ಏಟು ಅಂದುಕೊಂಡರೆ, ಅವನು ಅವಳ ಬೆರಳು ಹಿಡಿದು ಮೆಲ್ಲಗೆ ಒಳಕ್ಕೆ ಮಡಿಸಿದ.

"ಹೀಗೆ. ಅಲ್ಲಿಗೆ ಹೀಗೆ ತೋರಿಸಬೇಕು. ಗೊತ್ತಾಯ್ತಾ?"

ಹೊಸ ಮದುಮಗಳು, ತಿಳಿಯದೆ ಮಾಡಿದ್ದು ಎಂದು ಹಿರಿಯರು ಒಂದು ಕರಿಕೋಳಿ ಕೇಳಿ ಬಿಟ್ಟುಬಿಟ್ಟರು. ಎರಡನೇ ಸಲ ಮಾಡಿದರೆ ಮಾತ್ರ ಕೋಳಿಯಲ್ಲಿ ಮುಗಿಯುವುದಿಲ್ಲ, ಕಾಯಾದ ಬಾಗಿಲೇ ಮುಚ್ಚಿತು, ಬದುಕಿದ್ದಾಗಲೂ ಅಷ್ಟೇ, ಸತ್ತ ಮೇಲೂ ಅಷ್ಟೇ ಎಂದು ಹೇಳಿಕಳಿಸಿದರು. ಅವಳ ತಲೆಗೆ ಆ ಮಾತು ಹೋಗಲಿಲ್ಲ. ಗಂಡ ಎಲ್ಲರ ಎದುರು ಕೈ ಹಿಡಿದನಲ್ಲ ಎಂಬ ನಾಚಿಕೆಯಲ್ಲೇ ಅವತ್ತು ಮುಳುಗಿದ್ದಳು.

ಚಾರೋ ಕಾಯಾದ ಕಾವಲಿನವನು. ಬೆಳಿಗ್ಗೆ ಎದ್ದು ಅಂಚಿನ ಸುತ್ತ ಒಂದು ಬಾರಿ ನಡೆದು ಬರುವುದು, ಕೊಡಲಿ ಹಿಡಿದು ಯಾರಾದರೂ ಸುಳಿದರೆ ಅವರ ಹತ್ತಿರ ಕೂತು ಮನೆಮಠ ವಿಚಾರಿಸುವುದು. ಅದೇ ಅವನ ಕಾವಲು. ಅವರು ನಾಚಿಕೊಂಡು ಎದ್ದು ಹೋಗುತ್ತಿದ್ದರು. ಜಗಳವೆಂದರೆ ಆಗದ ಮನುಷ್ಯ, ಯಾರಿಗೂ ಅಲ್ಲ ಎನ್ನಲು ಬಾಯಿ ಬಾರದವನು. ಆ ಒಳ್ಳೆಯತನವೇ ಕಡೆಗೆ ಅವನಿಗೆ ಮುಳುವಾಯಿತು.

ಇಪ್ಪತ್ತೆರಡು ವರ್ಷದ ಹಿಂದೆ ಸರ್ಕಾರದವರು ಕಾಯಾಕ್ಕೆ ಗಡಿ ಗುರುತು ಮಾಡಿ ಕಾಗದಕ್ಕೆ ಹಾಕುತ್ತೇವೆ ಎಂದು ಬಂದರು. ಒಳ್ಳೆಯದೇ ಎಂದು ಊರೆಲ್ಲ ಹಿಗ್ಗಿತು. ಪರಊರಿನವರು ಒಳಗೆ ಹೋಗುವ ಹಾಗಿಲ್ಲ, ಹಾಗಾಗಿ ಹಳ್ಳದ ಈಚೆ ದಿಬ್ಬದ ಮೇಲೆ ಮೂರುಕಾಲಿನ ಯಂತ್ರ ನಿಲ್ಲಿಸಿದರು. ಚಾರೋ ಪಕ್ಕದಲ್ಲಿ ನಿಂತ. ಲುವುನೋ ಎಳನೀರು ಹೊತ್ತುಕೊಂಡು ಹೋಗಿದ್ದಳು. ಮೂರು ಮೂಲೆ ಸುಸೂತ್ರವಾಗಿ ಮುಗಿಯಿತು. ನಾಲ್ಕನೇ ಮೂಲೆ ಒರತೆಯ ಹತ್ತಿರದ ಬಿಳಿ ಕಾಂಡದ ಮರ. ಚಾರೋ ಮುಷ್ಟಿ ಮಡಿಸಿ ಗೆಣ್ಣು ಮುಂದೆ ಮಾಡಿದ.

"ಮುಷ್ಟಿ ತೋರಿಸಿದ್ರೆ ನನಗೇನಪ್ಪಾ ಗೊತ್ತಾಗುತ್ತೆ?" ಎಂದ ಸರ್ವೆ ಸಾಹೇಬ. ಬಿಸಿಲಿಗೆ ಅವನ ತಲೆ ಕಾದಿತ್ತು. "ಮರ ತೋರಿಸ್ತಿದೀಯೋ, ನನಗೆ ಗುದ್ದೋಕೆ ಬರ್ತಿದೀಯೋ?"

ಅವನ ಜೊತೆ ಬಂದವರೆಲ್ಲ ನಕ್ಕರು. ಮುಷ್ಟಿಯೆಂದರೆ ಅರ್ಧ ಗುಡ್ಡವನ್ನೇ ಮುಚ್ಚುತ್ತದೆ, ಅವನದ್ದೂ ತಪ್ಪಲ್ಲ. ಅವನು ತಾನೇ ಕೈ ಚಾಚಿ, ಇಷ್ಟುದ್ದ ಬೆರಳು ಮಾಡಿ ಕೇಳಿದ. "ಅಗೋ ಅಲ್ಲಿ, ಆ ದೊಡ್ಡಹುಣಸೆ ಮರ ತಾನೇ?"

ಚಾರೋ ಆ ಬೆರಳಿನ ಜಾಡು ಹಿಡಿದು ನೋಡಲಿಲ್ಲ. ಕಣ್ಣು ನೆಲಕ್ಕೆ ಇಳಿಸಿದ. ಲುವುನೋ ಕೂಡ ಇಳಿಸಿದಳು. "ಆಯ್ತು, ಆಯ್ತು ಸಾಹೇಬ್ರೇ, ಆಯ್ತು!" ಎಂದ ಚಾರೋ ಗಾಬರಿಯಲ್ಲಿ. ಸಾಕು, ಕೈ ಇಳಿಸಿ ಎಂದು ಅವನ ಅರ್ಥ. ಸಾಹೇಬ ಕೈ ಇಳಿಸಿದ, ಪೆನ್ನು ತೆಗೆದ, ಬರೆದುಕೊಂಡ. ಎಲ್ಲರೂ ಎಳನೀರು ಕುಡಿದರು.

ದೊಡ್ಡಹುಣಸೆಗೂ ಆ ಬಿಳಿ ಮರಕ್ಕೂ ನಡುವೆ ಗುಡ್ಡದ ಒಂದು ಇಡೀ ಮಗ್ಗುಲು ಇದೆ. ಹಳ್ಳಕ್ಕೆ ಹರಿದು ಬಂದು ನಮಗೆ ವರ್ಷವೆಲ್ಲ ನೀರು ಕೊಡುವ ಒರತೆ ಅಲ್ಲೇ ಇರುವುದು. ಕರಿಕೋತಿಗಳ ಹಿಂಡು, ಮಂಗಟ್ಟೆ ಹಕ್ಕಿಯ ಗೂಡು ಎಲ್ಲ ಅಲ್ಲೇ. ಕಾಗದದ ಮೇಲೆ ಅದೆಲ್ಲ ಅವತ್ತೇ ಕಾಯಾದಿಂದ ಹೊರಗೆ ಬಿತ್ತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ, ನಾವು ನಡೆಯುವುದು ನೆಲದ ಮೇಲೆ, ಕಾಗದದ ಮೇಲಲ್ಲವಲ್ಲ.

ಒಂಬತ್ತು ವರ್ಷದ ಹಿಂದೆ ಚಾರೋ ತೀರಿಕೊಂಡ. ಕಾವಲಿನವನಾದ್ದರಿಂದ ಹಿರಿಯರು ಅವನನ್ನು ಒರತೆಯ ಮೇಲ್ಗಡೆ, ಆ ಬಿಳಿ ಮರದ ಬುಡಕ್ಕೆ ಸಮೀಪ ಮಣ್ಣು ಮಾಡಿದರು. ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟರು. ಅದು ಯಾರಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹಿರಿಯ ಹೆಂಗಸರು ಕಪ್ಪು ಬಟ್ಟೆ ಸುತ್ತಿಕೊಂಡು ಪ್ರಾರ್ಥನೆಗೆ ಒಳಗೆ ಹೋಗುತ್ತಾರೆ. ಉಳಿದವರು ಮಳೆ ಬೇಡುತ್ತಿದ್ದರೆ ಲುವುನೋ ಗಂಡನ ಗೋರಿಯ ಹತ್ತಿರ ಕಾಲು ಚಾಚಿ ಕೂತು ಊರಿನ ಸುದ್ದಿಯೆಲ್ಲ ಒಪ್ಪಿಸುತ್ತಿದ್ದಳು. ಯಾರು ಹೆತ್ತರು, ಯಾರು ಸತ್ತರು, ಸೊಸೆ ಮಾಡಿದ ಮುದ್ದೆ ಎಷ್ಟು ಗಟ್ಟಿ, ನಿನ್ನ ತಮ್ಮ ಚೆಂಗೋ ಈಗ ಹಿರಿಯರ ಸಭೆಗೆ ಯಜಮಾನನಾಗಿ ಎಷ್ಟು ಬೀಗುತ್ತಾನೆ. ವರ್ಷದ ಉಳಿದ ದಿನಗಳನ್ನು ಅವಳು ಆ ಒಂದು ದಿನಕ್ಕಾಗಿ ಕಳೆಯುತ್ತಿದ್ದಳೆಂದರೆ ಸುಳ್ಳಲ್ಲ.

ಈ ಚೆಂಗೋನ ಬಗ್ಗೆ ಒಂದು ಮಾತು ಹೇಳಬೇಕು. ಅಣ್ಣ ಸತ್ತ ಮೇಲೆ ಅತ್ತಿಗೆಯನ್ನು ತನ್ನ ಮನೆಗೆ ಸೇರಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಕೇಳಿದ್ದ. "ಒಬ್ಬ ಗಂಡನಿಗೆ ಬೇಯಿಸಿ ಹಾಕಿ ಸೊಂಟ ಬಿದ್ದುಹೋಗಿದೆ, ಹೋಗಯ್ಯಾ" ಎಂದಿದ್ದಳು. ಅಂದಿನಿಂದ ಅವನು ಅವಳ ಅಂಗಳಕ್ಕೆ ಬಂದಾಗಲೆಲ್ಲ ಅದೇ ಪಲ್ಲವಿ.

"ನನ್ನ ಬೇಡ ಅಂದವಳ ಮನೇಲಿ ಒಂದು ಲೋಟ ನೀರಾದ್ರೂ ಸಿಗುತ್ತಾ?"

"ನೀರು ಸಿಗುತ್ತೆ. ಹೆಂಡ ಬೇಕಾದ್ರೆ ನಿನ್ನ ಎರಡನೇ ಹೆಂಡ್ತಿ ಹತ್ರ ಹೋಗು."

ಹೋದ ವರ್ಷ ಬೇಸಿಗೆಯಲ್ಲಿ ಮೊಂಬಾಸಾ ಕಡೆಯಿಂದ ಎರಡು ಲಾರಿ ಬಂದು ಗುಡ್ಡದ ಹಿಂದೆ ನಿಂತವು. ಕಲ್ಲು ಕತ್ತರಿಸುವವರು. ಒರತೆಯ ಮಗ್ಗುಲಿನ ಮರಗಳಿಗೆ ಹೊರಗಿನಿಂದ ಕೈಗೆಟುಕಿದಷ್ಟಕ್ಕೆಲ್ಲ ಕೆಂಪು ಬಣ್ಣ ಬಳಿದರು. ಮರ ಕಡಿದು, ಮಣ್ಣು ಕೆದರಿ, ಅಡಿಯ ಸುಣ್ಣಕಲ್ಲು ತೆಗೆಯುತ್ತಾರಂತೆ. ಹಿರಿಯರು ಅಡ್ಡ ನಿಂತರೆ ಅವರು ಕಾಗದ ತೋರಿಸಿದರು. ಇದು ಕಾಯಾಕ್ಕೆ ಸೇರಿಲ್ಲ, ಬೇಕಾದರೆ ಕಚೇರಿಯಲ್ಲಿ ಕೇಳಿ ಎಂದರು.

ಚೆಂಗೋ ಕಚೇರಿಗೆ ಹೋದ, ಓದಲು ಬರುತ್ತದೆಂದು ಲುವುನೋಳ ಸೊಸೆ ಕಬೀಬಿಯನ್ನು ಕರೆದುಕೊಂಡು. ಸಂಜೆ ಇಬ್ಬರೂ ಮುಖ ಇಳಿಬಿಟ್ಟು ಬಂದರು.

"ಏನಂತೆ?" ಎಂದಳು ಲುವುನೋ, ಹೆಣಿಗೆಯಿಂದ ತಲೆಯೆತ್ತದೆ.

ಕಬೀಬಿ ಬರೆದುಕೊಂಡು ಬಂದದ್ದನ್ನು ಓದಿದಳು. "'ನಾಲ್ಕನೇ ಮೂಲೆ ದೊಡ್ಡಹುಣಸೆ ಮರವೇ ಎಂದು ಬೆರಳು ತೋರಿಸಿ ಕೇಳಲಾಗಿ, ಕಾವಲುಗಾರ ಚಾರೋ ಎಂಬುವರು ಆಯ್ತು ಎಂದು ಮೂರು ಬಾರಿ ಒಪ್ಪಿರುತ್ತಾರೆ.' ಇಷ್ಟೇ ಅತ್ತೆ ಇರೋದು."

ಲುವುನೋಗೆ ಮೊದಲು ನಗು ಬಂತು. ಅಯ್ಯೋ ನನ್ನ ರಾಜಾ, ಮೂರು ಬಾರಿ ಅಂದೆಯಾ, ಎಣಿಸಿಕೊಂಡಿದ್ದಾರೆ ನೋಡು! ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ಉಳಿಯಲಿಲ್ಲ.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ನೀರಿನ ಹತ್ತಿರ ಹೆಂಗಸರು ಅವಳನ್ನು ಕಂಡು ಮೂಗು ಮುರಿದರು. "ಒರತೇನೇ ಮಾರಿಬಿಟ್ಟ ಪುಣ್ಯಾತ್ಮ, ಒಂದು ಎಳನೀರಿಗೆ" ಎಂದಳು ಒಬ್ಬಳು, ಕೇಳಲಿ ಎಂದೇ. ಆ ಮಾತಾಡಿದವಳ ಮಕ್ಕಳಿಗೆ ಹಿಂದೊಂದು ಬರಗಾಲದಲ್ಲಿ ಅದೇ ಚಾರೋ ಒರತೆಯ ನೀರು ಹೊತ್ತು ಕೊಟ್ಟಿದ್ದ. ಲುವುನೋ ಕೊಡ ತುಂಬಿಸಿಕೊಂಡು ಬಂದಳು.

ಚೆಂಗೋ ಮತ್ತೆ ಮತ್ತೆ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಕಡೆಗೆ ಒಂದು ದಾರಿ ಹಿಡಿದು ಬಂದ. ಮುತುವಾ ಎಂಬ ಹೊಸ ಸಾಹೇಬ ಇನ್ನೊಮ್ಮೆ ಗಡಿ ನೋಡಲು ಒಪ್ಪಿದ್ದಾನೆ, ಒಂದೇ ದಿನ. ಹಿಂದಿನ ಸರ್ವೆಯ ದಿನ ಅಲ್ಲಿದ್ದು ಇನ್ನೂ ಬದುಕಿರುವ ಸಾಕ್ಷಿ ಒಬ್ಬರು ನಿಂತು, ಮೂಲೆ ಮರ ಇಂಥದ್ದೇ ಎಂದು ತೋರಿಸಬೇಕು. ಅದಾಗದಿದ್ದರೆ ಮಾರನೇ ದಿನ ಲಾರಿಯವರು ಕೆಲಸ ಶುರು ಮಾಡುತ್ತಾರೆ.

"ಅವತ್ತು ಅಲ್ಲಿದ್ದವರು ಯಾರಿದ್ದಾರೆ ಈಗ?" ಎಂದಳು ಲುವುನೋ. ಕೇಳುವಾಗಲೇ ಅವಳಿಗೆ ಗೊತ್ತಿತ್ತು.

"ನೀನೇ" ಎಂದ ಚೆಂಗೋ. ಅವತ್ತು ಅವನು ನೀರೂ ಕೇಳಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ.

ಆ ದಿನ ಬೆಳಿಗ್ಗೆ ದಿಬ್ಬದ ಮೇಲೆ ಊರೇ ಸೇರಿತ್ತು. ಮುತುವಾ ಸಾಹೇಬ ಒಳ್ಳೆಯ ಹುಡುಗ, ದೊಡ್ಡವರನ್ನು ಕಂಡು ತಲೆಬಾಗಿಸಿದ. ಲುವುನೋ ಅವನಿಗೆ ಎಲ್ಲವನ್ನೂ ಹೇಳಿದಳು. ಯಾರು ಎಲ್ಲಿ ನಿಂತಿದ್ದರು, ಸಾಹೇಬ ಏನು ಕೇಳಿದ, ಚಾರೋ ಆಯ್ತು ಎಂದದ್ದು ಯಾವ ಅರ್ಥದಲ್ಲಿ. ಅವನು ಬರೆದುಕೊಂಡ. ಆಮೇಲೆ, "ಮರ ಯಾವುದು ಅಜ್ಜಿ?" ಎಂದ.

"ಒರತೆ ಮೇಲೆ. ಬಿಳಿ ಕಾಂಡದ್ದು."

ಅವನು ಗಾಜಿನ ಯಂತ್ರದಲ್ಲಿ ಕಣ್ಣಿಟ್ಟು ನೋಡಿದ. "ಬಿಳಿ ಕಾಂಡದ್ದು ಏಳೆಂಟು ಕಾಣ್ತವೆ. ಯಾವುದು?"

ಲುವುನೋ ಮುಷ್ಟಿ ಮಡಿಸಿದಳು. ಗೆಣ್ಣು ಮುಂದೆ ಮಾಡಿದಳು. ಗೆಣ್ಣಿನ ಹಿಂದೆ ಅಷ್ಟೂ ಮರ ಅಡಗಿಹೋದವು. ಎಡದಿಂದ ಎಷ್ಟನೆಯದು ಎಂದು ಎಣಿಸಿ ಹೇಳೋಣವೆಂದರೆ, ಒಂದರ ಬೆನ್ನಿಗೊಂದು ನಿಂತ ಮರಗಳು ಅವನ ಗಾಜಿನಲ್ಲಿ ಒಂದು ಲೆಕ್ಕ, ಅವಳ ಕಣ್ಣಿಗೆ ಒಂದು ಲೆಕ್ಕ. ಸಾಹೇಬ ಆಕಾಶದಿಂದ ತೆಗೆದ ಚಿತ್ರ ಹರಡಿದ. "ಇದೇನಪ್ಪಾ, ಸೊಪ್ಪಿನ ರಾಶಿ!" ಎಂದಳು ಅವಳು. ಅಲ್ಲಿ ಕಾಂಡವೇ ಇರಲಿಲ್ಲ, ಬರೀ ಎಲೆ.

"ನನ್ನನ್ನ ಒಳಗೆ ಕರ್ಕೊಂಡು ಹೋಗಿ. ಬರಿಗಾಲಲ್ಲೇ ಬರ್ತೀನಿ."

"ಮಳೆ ಪ್ರಾರ್ಥನೆ ಆಗೋವರೆಗೂ ದಾರಿ ತೆರೆಯೋದಿಲ್ಲ ಸಾಹೇಬ್ರೇ" ಎಂದ ಚೆಂಗೋ. "ಇನ್ನೂ ಒಂದು ತಿಂಗಳಿದೆ. ನಮಗೇ ಇಲ್ಲ."

"ಹಾಗಾದ್ರೆ ಯಾರಾದ್ರೂ ಹೋಗಿ ಮರ ಹತ್ತಿ ಒಂದು ಬಟ್ಟೆ ಕಟ್ಟಲಿ."

"ಕಾಯಾದ ಮರ ಹತ್ತೋ ಗಂಡಸನ್ನ ನೀವೇ ಹುಡುಕಿ ತನ್ನಿ. ಈ ಊರಲ್ಲಿಲ್ಲ."

ಸಾಹೇಬ ಬೆವರು ಒರೆಸಿಕೊಂಡ. ಅವನ ಬೆರಳು ಮೇಲೇಳುವುದನ್ನು ಕಂಡು ಹಿರಿಯರೆಲ್ಲ ಕಣ್ಣು ನೆಲಕ್ಕೆ ಇಳಿಸಿದರು. ಅವನಿಗೆ ಅರ್ಥವಾಗಿ ಕೈ ಇಳಿಸಿದ. "ಅಜ್ಜಿ, ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೆ ಕಾಗದಕ್ಕೆ ನಂಬಿಕೆ ಸಾಲೋದಿಲ್ಲ. ನೀವೇ ತೋರಿಸಬೇಕು."

ಗುಡ್ಡದ ಹಿಂದಿನಿಂದ ಲಾರಿಯ ಎಂಜಿನ್ ಸದ್ದು ಕೇಳುತ್ತಿತ್ತು. ಲುವುನೋ ಚೆಂಗೋನ ಕಡೆ ತಿರುಗಿದಳು. ಊರೆಲ್ಲ ಕೇಳುವ ಹಾಗೆ ಕೇಳಿದಳು.

"ಯಜಮಾನರೇ, ನಾನು ಮದುವೆಯಾಗಿ ಬಂದಾಗ ಒಂದು ಸಲ ಬೆರಳು ಮಾಡಿದ್ದೆ. ಇನ್ನೊಂದು ಸಲ ಮಾಡಿದ್ರೆ ಏನು?"

ಐವತ್ತು ವರ್ಷದಲ್ಲಿ ಅವಳು ಮೈದುನನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. "ನಿನಗೆ ಗೊತ್ತಿರೋದೇ" ಎಂದ ಚೆಂಗೋ.

"ಗೊತ್ತು. ನಿಮ್ಮ ಬಾಯಲ್ಲಿ ಹೇಳಿ."

"ಒಳಗೆ ಬರೋ ಹಾಗಿಲ್ಲ. ಪ್ರಾರ್ಥನೆಗೂ ಇಲ್ಲ" ಎಂದ. "ಮಣ್ಣಿಗೂ ಇಲ್ಲ."

"ಹೆಣಕ್ಕೂ ಇಲ್ಲ ಅಂತ ತಾನೇ?"

"ಇಲ್ಲ."

ಅವಳು ಹಳ್ಳದಾಚೆ ನೋಡಿದಳು. ಆ ಮರಗಳ ನಡುವೆ ಯಾವುದು ಎಂದು ಅವಳಿಗೆ ಹುಡುಕಬೇಕಾಗಿರಲಿಲ್ಲ, ಒಂಬತ್ತು ವರ್ಷದಿಂದ ದಿನವೂ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅದನ್ನೇ. ಅದರ ಬುಡದಲ್ಲಿ ಅವನು ಮಲಗಿದ್ದಾನೆ. ನಾಳೆ ಕಲ್ಲಿನ ಯಂತ್ರ ಬಂದರೆ ಅವನ ಎಲುಬು ಲಾರಿಗೆ ಬೀಳುತ್ತದೆ. ಬೆರಳೆತ್ತಿದರೆ ಅವನು ಅಲ್ಲೇ ಇರುತ್ತಾನೆ, ಒರತೆ ಇರುತ್ತದೆ, ಪಕ್ಕದ ಜಾಗ ಖಾಲಿ ಇರುತ್ತದೆ. ಎಷ್ಟೆಲ್ಲ ಸುದ್ದಿ ಕೂಡಿಟ್ಟಿದ್ದೆನಲ್ಲ ಈ ವರ್ಷಕ್ಕೆ, ಎಂದುಕೊಂಡಳು.

ಬಲಗೈ ಎತ್ತಿದಳು. ಮುಷ್ಟಿಯಾಗಿಯೇ ಎದ್ದಿತು, ಅಭ್ಯಾಸ. ಎಡಗೈಯಿಂದ ತೋರುಬೆರಳನ್ನು ಹಿಡಿದು ಬಿಡಿಸಿದಳು, ಅವತ್ತು ಚಾರೋ ಮಡಿಸಿದ್ದನ್ನು.

"ಅದು" ಎಂದಳು.

ಊರಿಗೆ ಊರೇ ತಲೆತಗ್ಗಿಸಿತು. ಆ ಬೆರಳಿನ ಜಾಡು ಹಿಡಿದು ನೋಡಿದವನು ಸಾಹೇಬ ಒಬ್ಬನೇ. ಅವನು ಅವಳ ಭುಜದ ಹಿಂದೆ ನಿಂತು ಯಂತ್ರವನ್ನು ಬೆರಳಿನ ನೇರಕ್ಕೆ ತಿರುಗಿಸಿ, ಮೂರು ಸಲ ನೋಡಿ, ಬರೆದುಕೊಂಡ. ಅಷ್ಟು ಹೊತ್ತೂ ಅವಳು ಕೈ ಇಳಿಸಲಿಲ್ಲ. ತೋಳು ನಡುಗತೊಡಗಿದಾಗ ಸೊಸೆ ಕಬೀಬಿ ಬಂದು, ನೆಲ ನೋಡುತ್ತಲೇ, ಅತ್ತೆಯ ಮೊಣಕೈಗೆ ಕೈ ಕೊಟ್ಟು ಹಿಡಿದಳು.

"ಸಾಕು ಅಜ್ಜಿ, ಸಿಕ್ತು" ಎಂದ ಸಾಹೇಬ. ಆಮೇಲೆ ಕಬೀಬಿಯನ್ನು ಪಕ್ಕಕ್ಕೆ ಕರೆದು, "ಅಜ್ಜಿ ಯಾಕೆ ಅಳ್ತಿದಾರೆ?" ಎಂದು ಕೇಳಿದ.

"ಕೈ ನೋಯ್ತಿದೆ" ಎಂದಳು ಕಬೀಬಿ.

ಚೆಂಗೋ ಯಜಮಾನನಾಗಿ ಹೇಳಬೇಕಾದದ್ದನ್ನು ಅಲ್ಲೇ ನಿಂತು ಹೇಳಿದ. ಅವಳಿಗಾಗಿ ಕಟ್ಟಳೆಯನ್ನು ಸಡಿಲಿಸಿ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಒಬ್ಬರಿಗೆ ಸಡಿಲಿಸಿದ ಕಟ್ಟಳೆ ನಾಳೆ ಕೊಡಲಿ ಹಿಡಿದವನಿಗೂ ಸಡಿಲವೇ. ಅದು ಗೊತ್ತಿದ್ದೇ ಅವಳು ಬೆರಳೆತ್ತಿದ್ದು. ನೀರಿನ ಹತ್ತಿರ ಆಡಿಕೊಂಡಿದ್ದ ಹೆಂಗಸು ಮಾತ್ರ ಮುಂದೆ ಬಂದು ಅವಳ ಕೈ ಹಿಡಿದು ದಿಬ್ಬ ಇಳಿಸಿದಳು.

ಮೂರು ವಾರಕ್ಕೆ ಹೊಸ ಕಾಗದ ಬಂತು. ಲಾರಿಗಳು ಬೇರೆ ಗುಡ್ಡ ಹುಡುಕಿಕೊಂಡು ಹೋದವು. ಅದು ಯಾರ ಗುಡ್ಡವೋ, ಅಲ್ಲಿ ಬೆರಳೆತ್ತುವವರು ಇದ್ದರೋ ಇಲ್ಲವೋ, ಯಾರಿಗೆ ಗೊತ್ತು. ನಮ್ಮ ಮರಗಳ ಮೇಲಿನ ಕೆಂಪು ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ.

ಮಳೆ ಪ್ರಾರ್ಥನೆಯ ದಿನ ಬಂತು. ಹೆಂಗಸರು ಕಪ್ಪು ಬಟ್ಟೆ ಸುತ್ತಿಕೊಂಡು, ಯಜಮಾನ ಚೆಂಗೋನ ಹಿಂದೆ, ಲುವುನೋಳ ಅಂಗಳದ ಮುಂದೆಯೇ ಸಾಲಾಗಿ ಹೋದರು. ಅವಳು ಜಗಲಿಯ ಮೇಲೆ ಮಡಲು ಹೆಣೆಯುತ್ತ ಕೂತಿದ್ದಳು. ಅವಳ ಕಪ್ಪು ಬಟ್ಟೆ ಒಗೆದು ಮಡಿಸಿ ಒಳಗಿತ್ತು. ಅವತ್ತು ಅವಳು ಹೆಣೆದದ್ದೆಲ್ಲ ತಪ್ಪಿತು, ಬಿಚ್ಚಿ ಬಿಚ್ಚಿ ಹೆಣೆದಳು.

ಹೊತ್ತು ಇಳಿಯುವಾಗ ಎಲ್ಲರೂ ವಾಪಸು ಬಂದರು. ಅಂಚಿನಲ್ಲಿ ನಿಂತು ಒಬ್ಬೊಬ್ಬರೇ ಕಾಲು ಒರೆಸಿಕೊಳ್ಳುವುದು ಅವಳಿಗೆ ದೂರದಿಂದ ಕಾಣುತ್ತಿತ್ತು. ಕೊನೆಯಲ್ಲಿ ಬಂದವನು ಚೆಂಗೋ. ಅವನು ಅಂಚಿನಲ್ಲಿ ನಿಲ್ಲಲಿಲ್ಲ. ನೇರ ನಡೆದು, ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನೀರು ತಾಗದಂತೆ ದಾಟಿ, ಅವಳ ಅಂಗಳಕ್ಕೆ ಬಂದು ನಿಂತ. ಎಪ್ಪತ್ತರ ಮುದುಕ, ಏದುಸಿರು ಬಿಡುತ್ತಿದ್ದ. ಅಂಗಾಲಿನಿಂದ ಹಿಮ್ಮಡಿಯವರೆಗೆ ಕಪ್ಪು ಮಣ್ಣು ಮೆತ್ತಿತ್ತು. ಆ ಬಣ್ಣದ ಮಣ್ಣು ಒರತೆಯ ಮೇಲ್ಗಡೆ, ಚಾರೋ ಮಲಗಿರುವಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಲುವುನೋ ಅದನ್ನು ನೋಡಿದಳು.

"ಕಾಲು ಒರೆಸಿಕೊಂಡು ಬರೋದು ಮರೆತ್ಯಾ?"

"ವಯಸ್ಸಾಯ್ತಲ್ಲ. ಮರೆವು" ಎಂದ ಚೆಂಗೋ, ಎಲ್ಲೋ ನೋಡುತ್ತ. "ನನ್ನ ಬೇಡ ಅಂದವಳ ಮನೇಲಿ ಒಂದು ಲೋಟ ನೀರಾದ್ರೂ ಸಿಗುತ್ತಾ?"

ಅವಳು ಒಳಗೆ ಹೋಗಿ ಲೋಟವಲ್ಲ, ಒಂದು ಕೊಡ ನೀರು ತಂದಳು. ಬೇಲಿಯ ಪಕ್ಕದ ಗೋಡಂಬಿ ಮರದ ಕೆಳಗೆ ಅವನನ್ನು ನಿಲ್ಲಿಸಿ, ಮಂಡಿಯೂರಿ ಕೂತು, ಅವನ ಎರಡೂ ಕಾಲನ್ನು ತನ್ನ ಕೈಯಿಂದಲೇ ತೊಳೆದಳು. ಬೆರಳ ಸಂದಿಯಲ್ಲಿದ್ದದ್ದನ್ನೂ ಬಿಡಲಿಲ್ಲ. ಕಪ್ಪು ನೀರು ಮರದ ಬುಡದಲ್ಲಿ ಇಂಗಿತು. ಇಂಗಿ ಮುಗಿಯುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.

ಚೆಂಗೋ ಹೋದ ಮೇಲೆ ಸೊಸೆಯನ್ನು ಕೂಗಿದಳು. ಕಬೀಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ನಾನು ಸತ್ತಾಗ ನನ್ನನ್ನ ಎಲ್ಲಿಗೂ ಹೊರಬೇಡಿ" ಎಂದಳು ಲುವುನೋ. ಬಲಗೈ ಚಾಚಿ, ತೋರುಬೆರಳನ್ನು ನೀಟಾಗಿ ಬಿಡಿಸಿ, ಇನ್ನೂ ಒದ್ದೆಯಾಗಿದ್ದ ನೆಲದ ಕಡೆ ತೋರಿಸಿದಳು. "ಇಲ್ಲಿ."

"ಆಯ್ತು ಅತ್ತೆ" ಎಂದಳು ಕಬೀಬಿ.